ಥೆರಪಿ ಸೆಂಟರ್‌ಗೆ ಕರೆದುಕೊಂಡು ಹೋಗೋದಾ, ಮನೆಯಲ್ಲೇ ನಾವೇ ಕಲಿಸೋದಾ? ಆಟಿಸಂ ಇರುವ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಮಗಳಿಗೆ ಮೂರು ವರ್ಷ ತುಂಬಿದ ತಿಂಗಳು ಡಾಕ್ಟರು ಆಟಿಸಂ ಅಂತ ಹೇಳಿದರು. ಚೀಟಿಯಲ್ಲಿ ಮೂರು ಸಾಲು ಬರೆದುಕೊಟ್ಟರು: ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸಗಳನ್ನು ಕಲಿಸುವ ಥೆರಪಿ), ಸ್ಪೆಷಲ್ ಎಜುಕೇಷನ್. ಎಲ್ಲಿ, ಎಷ್ಟು ದಿನ, ಯಾರ ಹತ್ತಿರ ಅಂತ ಇರಲಿಲ್ಲ. ಮನೆಯಲ್ಲಿ ನಾವು ಏನು ಮಾಡಬೇಕು ಅಂತಲೂ ಇರಲಿಲ್ಲ. ಈಗ ಅವಳಿಗೆ ಒಂಬತ್ತು. ಈ ಆರು ವರ್ಷದಲ್ಲಿ ಸೆಂಟರ್‌ಗೆ ಅಲೆದಿದ್ದೇವೆ, ಮನೆಗೆ ಥೆರಪಿಸ್ಟ್ ಕರೆಸಿದ್ದೇವೆ, ಆಮೇಲೆ ನಾವೇ ಕಲಿತು ಮಾಡಿದ್ದೇವೆ. ಈಗಷ್ಟೇ ಅಂಥ ಚೀಟಿ ಹಿಡಿದು ಆಸ್ಪತ್ರೆಯಿಂದ ಹೊರಗೆ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಒಬ್ಬ ಅಪ್ಪ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ದಾರಿ ಹಿಡಿದರೂ ಅದು ಮಗುವಿನ ಜೊತೆಗೆ ನಿಮಗೂ ಕಲಿಸಬೇಕು. ಸಂಜೆ ಆರರಿಂದ ರಾತ್ರಿ ಒಂಬತ್ತರ ತನಕ ಮಗುವಿನ ಜೊತೆ ಹೇಗಿರಬೇಕು ಅನ್ನುವುದು ಮೂರು ತಿಂಗಳಾದರೂ ನಿಮಗೆ ತಿಳಿಯದಿದ್ದರೆ, ಕಟ್ಟಿದ ದುಡ್ಡಿಗೆ ಅರ್ಧ ಫಲವೂ ಸಿಗುತ್ತಿಲ್ಲ ಅಂತಲೇ ಅರ್ಥ.

ವಾರದ ಲೆಕ್ಕ

ಮಗು ದಿನಕ್ಕೆ ಹತ್ತು ಗಂಟೆ ಮಲಗುತ್ತೆ ಅಂದುಕೊಳ್ಳಿ. ಎಚ್ಚರ ಇರುವುದು 14 ಗಂಟೆ, ವಾರಕ್ಕೆ 98. ಸೆಂಟರ್‌ನಲ್ಲಿ ವಾರಕ್ಕೆ ಮೂರು ಸೆಷನ್, ಒಂದೊಂದು 45 ನಿಮಿಷ. ಅಂದರೆ ಎರಡೂಕಾಲು ಗಂಟೆ. ನಾವಿದ್ದದ್ದು ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ, ಸೆಂಟರ್ ಇದ್ದದ್ದು ಕೋರಮಂಗಲದಲ್ಲಿ. ಹೋಗಿ ಬರೋದಕ್ಕೆ ದಿನಕ್ಕೆ ಎರಡು ಗಂಟೆ, ಮಳೆ ಬಂದರೆ ಮೂರು. ಥೆರಪಿಗಿಂತ ಆಟೋದಲ್ಲಿ ಕಳೆದ ಹೊತ್ತೇ ಜಾಸ್ತಿ. ಹಾರನ್ ಸದ್ದಿಗೆ ಕಿವಿ ಮುಚ್ಚಿಕೊಂಡು ಸುಸ್ತಾಗಿ ಒಳಗೆ ಹೋಗುತ್ತಿದ್ದಳು. ಮೊದಲ ಕಾಲು ಗಂಟೆ ಅಳುವುದರಲ್ಲೇ ಮುಗಿಯುತ್ತಿತ್ತು.

ಹಾಗಂತ ಮಿಕ್ಕ 95 ಗಂಟೆಯೂ ನೀವು ಥೆರಪಿ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡಹೋದವರು ಹೇಗೆ ಕುಸಿಯುತ್ತಾರೆ ಅನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಸೆಂಟರ್

ಸೆಂಟರ್ ಬೇಡ ಅನ್ನುವವನು ನಾನಲ್ಲ. ಈ ಊರಿನಲ್ಲಿ ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿಕೊಂಡು ಬಂದ ಜಾಗಗಳಿವೆ. ಡಾ. ಪ್ರತಿಭಾ ಕಾರಂತ್ ಕಟ್ಟಿದ ಕಾಮ್ ಡೀಲ್ ಇದೆ, ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಇದೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಇಲ್ಲಿಂದ ಹೋಗಿ ಬರುವವರೂ ಇದ್ದಾರೆ.

ಕೆಲವು ತೊಂದರೆಗಳಿಗೆ ಕೈಪಳಗಿದವರೇ ಬೇಕು. ಮಗು ಎರಡು ಮೂರು ಪದಾರ್ಥ ಬಿಟ್ಟು ಬೇರೇನೂ ತಿನ್ನುತ್ತಿಲ್ಲ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತೆ, ಮೂರ್ಛೆ ಬರುತ್ತೆ, ಬರುತ್ತಿದ್ದ ಮಾತು ನಿಂತುಹೋಗಿದೆ: ಇಂಥದ್ದಕ್ಕೆಲ್ಲ ಮನೆಯಲ್ಲೇ ಪ್ರಯೋಗ ಮಾಡುತ್ತಾ ಕೂರಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ, ಆಮೇಲೆ ಥೆರಪಿಸ್ಟ್ ಹತ್ತಿರ. ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡ್ ಅಥವಾ ಟ್ಯಾಬ್‌ನಲ್ಲಿ ಮಾತಾಡಿಸುವ ಆ್ಯಪ್ ಶುರು ಮಾಡುವಾಗಲೂ ತಜ್ಞರು ಬೇಕು. ಇದರಿಂದ ಮಾತು ಬರೋದು ನಿಂತುಹೋಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗಲ್ಲ.

ಸೆಂಟರ್‌ನ ಕಷ್ಟ ಬೇರೆ. ಅಲ್ಲಿ ಕಲಿತದ್ದು ಎಷ್ಟೋ ಸಲ ಅಲ್ಲೇ ಉಳಿಯುತ್ತೆ. ನನ್ನ ಮಗಳು ಅಲ್ಲಿ ಕಾರ್ಡ್ ತೋರಿಸಿದರೆ 'ವಾಟರ್' ಅನ್ನುತ್ತಿದ್ದಳು. ಮನೆಯಲ್ಲಿ ಬಾಯಾರಿದರೆ ಫಿಲ್ಟರ್ ಮುಂದೆ ನಿಂತು ಕಿರುಚುತ್ತಿದ್ದಳು. ಅವಳ ಪಾಲಿಗೆ ಆ ಪದಕ್ಕೂ ಈ ಬಾಯಾರಿಕೆಗೂ ಸಂಬಂಧವೇ ಇರಲಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ದೊಡ್ಡ ಕಷ್ಟ. ಆ ಸೆಂಟರ್‌ನಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾವು ಹೊರಗೆ ಬೆಂಚಿನ ಮೇಲೆ. ಕೊನೆಯ ಎರಡು ನಿಮಿಷ "ಇವತ್ತು ಚೆನ್ನಾಗಿ ಮಾಡಿದಳು" ಅನ್ನುತ್ತಿದ್ದರು. ಏನು ಮಾಡಿದಳು, ಹೇಗೆ ಮಾಡಿಸಿದಿರಿ ಅಂತ ಕೇಳಲು ನಮಗೂ ಆಗ ತಿಳಿಯಲಿಲ್ಲ.

ಅಲ್ಲೇ ಇನ್ನೊಂದು ಮಾತು ಹೇಳಿದರು. "ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಎರಡು ಭಾಷೆ ಆದರೆ ಮಗು ಗೊಂದಲಕ್ಕೆ ಬೀಳುತ್ತೆ." ನಮ್ಮಮ್ಮನಿಗೆ ಇಂಗ್ಲಿಷ್ ಬರಲ್ಲ. ಎಂಟು ತಿಂಗಳು ಅವರು ಮೊಮ್ಮಗಳ ಹತ್ತಿರ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂತು ಊಟ ಮಾಡಿಸಿ, ಸುಮ್ನೆ ಎದ್ದು ಹೋಗುತ್ತಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಎರಡು ಭಾಷೆ ಕೇಳಿಕೊಂಡು ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆ ಕೇಳುವವರಿಗಿಂತ ಹಿಂದೆ ಬೀಳುವುದಿಲ್ಲ ಅಂತ ಒಂದಲ್ಲ, ಹಲವು ಅಧ್ಯಯನಗಳು ತೋರಿಸಿವೆ. ಮನೆಯಲ್ಲಿ ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ.

ಮನೆಗೆ ಬರುವ ಥೆರಪಿಸ್ಟ್

ಓಡಾಟ ಉಳಿಯುತ್ತೆ, ಮಗು ತನ್ನ ಜಾಗದಲ್ಲೇ ಇರುತ್ತೆ, ಫೀಸ್ ಸ್ವಲ್ಪ ಜಾಸ್ತಿ. ಬಂದವರು ರೂಮಿನ ಬಾಗಿಲು ಹಾಕಿಕೊಂಡರೆ ಇದು ಸೆಂಟರ್‌ಗಿಂತ ಬೇರೆಯೇನಲ್ಲ. ನಿಮ್ಮನ್ನೂ ಪಕ್ಕದಲ್ಲಿ ಕೂರಿಸಿಕೊಂಡರೆ ಇದಕ್ಕಿಂತ ಒಳ್ಳೆಯದಿಲ್ಲ.

ಅಪ್ಪ-ಅಮ್ಮನೇ ಕಲಿತು ಮಾಡುವುದು

ಇಲ್ಲಿ ತಜ್ಞರು ಮಗುವಿಗೆ ಕಲಿಸುವುದಕ್ಕಿಂತ ಜಾಸ್ತಿ ನಿಮಗೆ ಕಲಿಸುತ್ತಾರೆ. ನೀವು ದಿನಾ ಸ್ವಲ್ಪ ಹೊತ್ತು ಮಗುವಿನ ಜೊತೆ ಮಾಡುತ್ತೀರಿ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅವರು ನೋಡಿ ತಿದ್ದುತ್ತಾರೆ.

ಇದನ್ನು ಕೇಳಿದ ಕೂಡಲೇ ಕೆಲವರಿಗೆ ಮನಸ್ಸಿಗೆ ಚುಚ್ಚುತ್ತೆ. "ಅಂದರೆ ನಾವು ಸರಿಯಾಗಿ ಬೆಳೆಸಿಲ್ಲ ಅಂತಾನಾ?" ಅಂತ ನನ್ನ ಹೆಂಡತಿ ಕೇಳಿದ್ದಳು. ಖಂಡಿತ ಅಲ್ಲ. ತಾಯಿ ಪ್ರೀತಿ ತೋರಿಸದಿದ್ದರೆ ಆಟಿಸಂ ಬರುತ್ತೆ ಅನ್ನುವ ಕೆಟ್ಟ ಮಾತು ಹಿಂದೊಮ್ಮೆ ವಿದೇಶದ ತಜ್ಞರ ನಡುವೆಯೂ ಓಡಾಡುತ್ತಿತ್ತು. ಅದು ತಪ್ಪು ಅಂತ ಸಾಬೀತಾಗಿ ದಶಕಗಳೇ ಆದವು. ಮೊಬೈಲ್ ಕೊಟ್ಟಿದ್ದಕ್ಕೆ ಹೀಗಾಯಿತು ಅನ್ನುವ ನೆಂಟರ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ. ಆಟಿಸಂ ಇರುವ ಮಗು ಕಳಿಸುವ ಸಂಕೇತಗಳು ಸಣ್ಣವು, ಬಂದಷ್ಟೇ ಬೇಗ ಹೋಗಿಬಿಡುತ್ತವೆ. ಅವನ್ನು ಹಿಡಿಯಲು ಯಾರಿಗಾದರೂ ಅಭ್ಯಾಸ ಬೇಕೇ ಬೇಕು.

ನಾನು ಕಲಿತದ್ದು ಒಂದು ವಿಡಿಯೋದಿಂದ. ಬನಶಂಕರಿಯ ಒಬ್ಬ ಸ್ಪೀಚ್ ಥೆರಪಿಸ್ಟ್ ನಾನು ಮಗಳ ಜೊತೆ ಆಡುವುದನ್ನು ಫೋನಿನಲ್ಲಿ ಹತ್ತು ನಿಮಿಷ ಹಿಡಿದರು. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ನಿಮಿಷದ ತುಣುಕು ತೋರಿಸಿದರು. "ಇದು ಯಾವ ಬಣ್ಣ? ಇದೇನು? ಕಾರ್ ಎಲ್ಲಿ? ಪಪ್ಪಂಗೆ ಹೇಳು!" ಒಂದು ನಿಮಿಷಕ್ಕೆ ಏಳು ಪ್ರಶ್ನೆ ಕೇಳಿದ್ದೆ. ಮಗಳು ಕಾರಿನ ಚಕ್ರ ತಿರುಗಿಸುತ್ತಾ ಕೂತಿದ್ದಳು. ಮೇಡಂ ವಿಡಿಯೋ ಹಿಂದಕ್ಕೆ ತಂದು, ನಿಲ್ಲಿಸಿ, "ಇಲ್ಲಿ ನೋಡಿ" ಅಂದರು. ಮಗಳು ಚಕ್ರ ತಿರುಗಿಸಿ ಒಂದು ಕ್ಷಣ ನನ್ನ ಕಡೆ ನೋಡಿದ್ದಳು. ಇನ್ನೊಂದು ಸಲವೂ ನೋಡಿದ್ದಳು. ಆ ಎರಡೂ ಹೊತ್ತಿನಲ್ಲಿ ನಾನು ಮುಂದಿನ ಪ್ರಶ್ನೆಗೆ ಇನ್ನೊಂದು ಆಟಿಕೆ ಹುಡುಕುತ್ತಿದ್ದೆ. ನನ್ನ ಮಗಳು ನನ್ನ ಕಡೆ ನೋಡೋದೇ ಇಲ್ಲ ಅಂತ ಎರಡು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಅವರು ಬೈಯಲಿಲ್ಲ. ಈ ವಾರ ಪ್ರಶ್ನೆ ಬೇಡ, ಅವಳು ಏನು ಮಾಡುತ್ತಾಳೋ ಅದನ್ನೇ ನೀವೂ ಮಾಡಿ, ಅವಳು ನೋಡಿದಾಗ ಒಂದು ಪದ ಹೇಳಿ, ಆಮೇಲೆ ಕಾಯಿರಿ ಅಂದರು. ಹತ್ತು ಸೆಕೆಂಡ್ ಕಾಯುವುದು ಎಷ್ಟು ಕಷ್ಟ ಅಂತ ನನಗೆ ಆಗಲೇ ಗೊತ್ತಾಗಿದ್ದು.

ಕಾಯುವುದನ್ನು ನಮ್ಮೆಲ್ಲರಿಗಿಂತ ಬೇಗ ಕಲಿತವರು ನಮ್ಮಮ್ಮ. ಅವರೆಕಾಯಿ ಕಾಲ ಅದು. ನೆನೆಸಿದ ಕಾಳನ್ನು ಹಿತುಕುತ್ತಾ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಸ್ಟೀಲ್ ಪಾತ್ರೆಗೆ ಟಣ್ ಅಂತ ಬೀಳುತ್ತೆ, ನೋಡಿದ್ದೀರಲ್ವಾ? ಆ ಸದ್ದಿಗೆ ಮಗಳು ತಾನಾಗೇ ಬಂದು ಕೂತಳು. ಅಮ್ಮ ಒಂದು ಕಾಳನ್ನು ಬೆರಳಲ್ಲಿ ಹಿಡಿದು ಸುಮ್ಮನಾದರು. ಮಗಳು ಕಾದಳು. ಆಮೇಲೆ ಅಜ್ಜಿಯ ಹೆಬ್ಬೆರಳನ್ನು ಒತ್ತಿದಳು. ಅಮ್ಮ "ಹಿತ್ಕು" ಅಂದರು, ಬೇಳೆ ಟಣ್ ಅಂತ ಬಿತ್ತು. ಮತ್ತೊಂದು ಕಾಳು, ಮತ್ತೆ ಸುಮ್ಮನೆ. ಇಪ್ಪತ್ತು ಮೂವತ್ತು ಕಾಳು ಆದ ಮೇಲೆ ಮಗಳು ಬೆರಳು ಬಿಟ್ಟು ಅಜ್ಜಿಯ ಮುಖ ನೋಡಿದಳು. ನಾಲ್ಕನೇ ದಿನ "ಇತ್ಕು" ಅಂದಳು. ಎಂಟು ತಿಂಗಳು ಬಾಯಿ ಕಟ್ಟಿಕೊಂಡಿದ್ದ ಅಜ್ಜಿಯ ಹತ್ತಿರ, ಕನ್ನಡದಲ್ಲಿ. ಆ ಸೀಸನ್ ಪೂರ್ತಿ ನಮ್ಮ ಮನೆಯಲ್ಲಿ ಹಿತುಕಿದ ಬೇಳೆ ಸಾರೇ.

ಎಲ್ಲವೂ ಹೀಗೆ ಕೈಗೂಡಲಿಲ್ಲ. ಸೋಪಿನ ಗುಳ್ಳೆ ಊದಿ ಊದಿ ಆರು ವಾರ ಏನೂ ಆಗಲಿಲ್ಲ. ಅವಳಿಗೆ ಅದು ಇಷ್ಟವೇ ಇರಲಿಲ್ಲ, ಬಿಟ್ಟೆವು.

ಅಧ್ಯಯನಗಳು ಏನು ಹೇಳುತ್ತವೆ

ವಿಡಿಯೋ ನೋಡಿ ಕಲಿಯುವ ಈ ಪದ್ಧತಿಯನ್ನು ಬ್ರಿಟನ್‌ನಲ್ಲಿ 152 ಚಿಕ್ಕ ಮಕ್ಕಳ ಕುಟುಂಬಗಳಲ್ಲಿ ಪರೀಕ್ಷಿಸಿದರು. ಪ್ಯಾಕ್ಟ್ ಅಂತ ಅದರ ಹೆಸರು. ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಪ್ಪ-ಅಮ್ಮ ಮಗುವಿಗೆ ಸ್ಪಂದಿಸುವ ರೀತಿ ತುಂಬಾ ಬದಲಾಗಿತ್ತು. ಮಗುವೇ ಮುಂದಾಗಿ ಮಾತಿಗೆ ಬರುವುದೂ ಹೆಚ್ಚಿತ್ತು. ಆಟಿಸಂನ ಲಕ್ಷಣಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸುಮಾರು ಆರು ವರ್ಷ ಕಳೆದ ಮೇಲೆ ಅದೇ ಮಕ್ಕಳನ್ನು ಮತ್ತೆ ನೋಡಿದರು, 2016ರಲ್ಲಿ ಪ್ರಕಟಿಸಿದರು. ಈ ತರಬೇತಿ ಸಿಕ್ಕ ಗುಂಪಿನಲ್ಲಿ ತೀವ್ರ ಲಕ್ಷಣ ಇದ್ದವರ ಪಾಲು ಶೇಕಡ 55ರಿಂದ 46ಕ್ಕೆ ಇಳಿದಿತ್ತು. ಮಾಮೂಲಿ ಸೇವೆ ಮಾತ್ರ ಸಿಕ್ಕ ಗುಂಪಿನಲ್ಲಿ ಶೇಕಡ 50ರಿಂದ 63ಕ್ಕೆ ಏರಿತ್ತು. ಮಕ್ಕಳ ಆತಂಕ ಕಡಿಮೆಯಾಗಿರಲಿಲ್ಲ. ಆಟಿಸಂ ಹೋಗಲೂ ಇಲ್ಲ. ಮನೆಯಲ್ಲಿ ಮಾಡಿದ ಕೆಲಸ ವರ್ಷಗಳ ತನಕ ಉಳಿದೀತು ಅನ್ನುವ ಭರವಸೆ ಮಾತ್ರ ಸಿಕ್ಕಿತು.

ಅದನ್ನೇ ನಮ್ಮ ಕಡೆಗೆ ಹೊಂದಿಸಿ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ 65 ಮಕ್ಕಳ ಜೊತೆ ಮಾಡಿದರು. 2ರಿಂದ 9 ವರ್ಷದ ಮಕ್ಕಳು, ಆರು ತಿಂಗಳಲ್ಲಿ 12 ಸೆಷನ್. ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು. 2016ರಲ್ಲಿ ಬಂದ ಆ ಫಲಿತಾಂಶದಲ್ಲೂ ಮಕ್ಕಳೇ ಮುಂದಾಗಿ ಮಾತಿಗೆ ಬರುವುದು ಹೆಚ್ಚಿತ್ತು. ಆದರೆ ಇಬ್ಬರೂ ಒಟ್ಟಿಗೆ ಒಂದೇ ವಸ್ತುವನ್ನು ಗಮನಿಸುವ ಹೊತ್ತು ಕಡಿಮೆಯಾಗಿತ್ತು. ಇದನ್ನೂ ಹೇಳಲೇಬೇಕು.

ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಅಮೆರಿಕದ ಅರ್ಲಿ ಸ್ಟಾರ್ಟ್ ಡೆನ್ವರ್ ಪದ್ಧತಿಯನ್ನು ಅಪ್ಪ-ಅಮ್ಮನಿಗೆ ವಾರಕ್ಕೆ ಒಂದು ಗಂಟೆಯಂತೆ 12 ವಾರ ಕಲಿಸಿ ನೋಡಿದಾಗ, ಬೇರೆ ಕಡೆ ಥೆರಪಿ ಪಡೆದ ಮಕ್ಕಳಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಎರಡೂ ಗುಂಪಿನ ಮಕ್ಕಳು ಮುಂದೆ ಬಂದಿದ್ದರು. ಬೇರೆ ಕಡೆ ಹೋದವರಿಗೆ ಥೆರಪಿ ಗಂಟೆ ಜಾಸ್ತಿ ಸಿಕ್ಕಿತ್ತು ಅನ್ನುವುದೂ ನೆನಪಿರಲಿ. ನನಗೆ ಕಾಣುವಂತೆ, ಚಿಕ್ಕ ಮಗುವಿಗೆ ಬರೀ 12 ವಾರದ ತರಬೇತಿ ಸಾಲದು.

ಹಟ, ಹೊಡೆಯುವುದು, ಬಟ್ಟೆ ಹಾಕಿಸಿಕೊಳ್ಳದಿರುವುದು ನಿಮ್ಮ ದೊಡ್ಡ ತಲೆನೋವಾಗಿದ್ದರೆ ಬೇರೆ ಬಗೆಯ ತರಬೇತಿ ಇದೆ. ಅದು ಎಬಿಎ, ಅಂದರೆ ನಡವಳಿಕೆಯನ್ನು ವಿಶ್ಲೇಷಿಸುವ ಪದ್ಧತಿಯ ತತ್ವದ ಮೇಲೆ ನಿಂತದ್ದು: ಸಿಟ್ಟಿಗೆ ಮುಂಚೆ ಏನಾಯಿತು, ಆಮೇಲೆ ಮಗುವಿಗೆ ಏನು ಸಿಕ್ಕಿತು ಅಂತ ನೋಡುವುದು. 2015ರಲ್ಲಿ ಅಮೆರಿಕದಲ್ಲಿ 3ರಿಂದ 7 ವರ್ಷದ 180 ಮಕ್ಕಳ ಅಧ್ಯಯನ ಬಂತು. ಒಂದು ಗುಂಪಿನ ಅಪ್ಪ-ಅಮ್ಮನಿಗೆ ಆಟಿಸಂ ಬಗ್ಗೆ ಮಾಹಿತಿ ಮಾತ್ರ, ಇನ್ನೊಂದಕ್ಕೆ ಕೈಹಿಡಿದು ತರಬೇತಿ. 24 ವಾರದಲ್ಲಿ ಸಿಡಿಮಿಡಿಯ ಅಳತೆ ಮಾಹಿತಿ ಗುಂಪಿನಲ್ಲಿ ಶೇಕಡ 31.8 ಇಳಿದರೆ, ತರಬೇತಿ ಗುಂಪಿನಲ್ಲಿ ಶೇಕಡ 47.7 ಇಳಿಯಿತು. ಮಾಹಿತಿಯಿಂದಲೂ ಲಾಭ ಇದೆ, ತರಬೇತಿಯಿಂದ ಇನ್ನೂ ಜಾಸ್ತಿ. ಬರೀ ಯೂಟ್ಯೂಬ್ ನೋಡಿ ಕಲಿಯುತ್ತೇವೆ ಅನ್ನುವವರಿಗೆ ನಾನು ಈ ಅಂಕಿಯನ್ನೇ ಹೇಳುತ್ತೇನೆ.

ನಿಮ್ಮ ಮನೆಗೆ ಯಾವುದು

ಸೆಂಟರ್ ಫೀಸ್ ಹೊರೆ ಅನ್ನುವವರು, ಅಥವಾ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯುತ್ತಿರುವವರು ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ತರಬೇತಿಯಿಂದ ಶುರು ಮಾಡಿ. ಅದನ್ನು 2ರಿಂದ 9 ವರ್ಷದ ಮಕ್ಕಳ ಮನೆಯವರಿಗೆ ಅಂತ ಮಾಡಿದ್ದಾರೆ. ಗುಂಪಿನಲ್ಲಿ ಒಂಬತ್ತು ಪಾಠ, ಮೂರು ಸಲ ಮನೆ ಭೇಟಿ. ಆನ್‌ಲೈನ್ ರೂಪ 2022ರಲ್ಲಿ ಬಂತು, ದುಡ್ಡು ಕೊಡಬೇಕಿಲ್ಲ. ಆಟಿಸಂ ಅಂತ ಡಾಕ್ಟರು ಬರೆದುಕೊಡುವ ತನಕ ಕಾಯಬೇಕಾಗಿಯೂ ಇಲ್ಲ.

ಎರಡು ಮೂರು ತಿಂಗಳು ರಜೆ ಹಾಕಬಲ್ಲವರಿಗೆ ಇನ್ನೊಂದು ದಾರಿ ಇದೆ. ದೆಹಲಿಯ ಆ್ಯಕ್ಷನ್ ಫಾರ್ ಆಟಿಸಂನಲ್ಲಿ ಅಪ್ಪನೋ ಅಮ್ಮನೋ ಮಗುವಿನ ಜೊತೆಗೇ ಕೂತು ಮೂರು ತಿಂಗಳು ಕಲಿಯುವ ಕಾರ್ಯಕ್ರಮ ಇದೆ. ನಮ್ಮ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಮನೆಯವರೂ ಮಗುವಿನ ಜೊತೆ ಉಳಿದುಕೊಳ್ಳುವ ವಾರ್ಡ್ ಇದೆ. ಸಣ್ಣ ಊರಿನಿಂದ ಬರುವವರಿಗೆ ವಾರವಾರ ಓಡಾಡುವುದಕ್ಕಿಂತ ಹೀಗೆ ಒಟ್ಟಿಗೆ ಕಲಿತು ಹೋಗುವುದು ಮೇಲು.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ, ವಾರಕ್ಕೆ ಮೂರು ಸೆಷನ್ ಬದಲು ಒಂದು ಸಾಕು, ಆದರೆ ಅದರಲ್ಲಿ ನೀವೂ ಒಳಗೆ ಇರಬೇಕು. ಉಳಿದ ದುಡ್ಡು, ಹೊತ್ತು ಎರಡನ್ನೂ ದಿನಾ 20-30 ನಿಮಿಷದ ಆಟಕ್ಕೆ ಇಡಿ. ಪ್ಯಾಕ್ಟ್‌ನಲ್ಲೂ ದಿನಕ್ಕೆ ಕೇಳಿದ್ದು ಅಷ್ಟೇ. ಮಿಕ್ಕಿದ್ದು ಸ್ನಾನ, ಬಟ್ಟೆ, ಊಟದಲ್ಲಿ ತಾನಾಗೇ ಬೆರೆಯುತ್ತೆ. ತಲೆಗೆ ಒಂದು ಮಗ್ ನೀರು ಹಾಕಿ, ಎರಡನೇ ಮಗ್ ಎತ್ತಿ ಹಿಡಿದು ಕಾಯಿರಿ. ಅದಕ್ಕೆ ಬೇರೆ ಟೈಮ್ ಬೇಡ.

ಈ ಕೆಲಸ ಅಮ್ಮನೊಬ್ಬಳ ತಲೆಗೆ ಬೀಳದಂತೆ ನೋಡಿಕೊಳ್ಳಿ. ಶುರುವಿನಲ್ಲಿ ನನ್ನ ಹೆಂಡತಿ ಬೆಳಗ್ಗೆಯಿಂದ ರಾತ್ರಿ ತನಕ ಚಾರ್ಟ್ ಹಾಕಿಕೊಂಡು ಮಾಡಿದಳು. ಒಂದು ರಾತ್ರಿ ಪಾತ್ರೆ ತೊಳೆಯುತ್ತಾ "ನಾನು ಅವಳ ಅಮ್ಮನಾ, ಟೀಚರಾ?" ಅಂತ ಅತ್ತಳು. ಮಾರನೇ ದಿನ ಚಾರ್ಟ್ ತೆಗೆದು, ಸಂಜೆಯ ಅರ್ಧ ಗಂಟೆ ನನ್ನ ಪಾಲಿಗೆ ತೆಗೆದುಕೊಂಡೆ. ಮನೆಯಲ್ಲಿ ತೀರಾ ದಣಿವು, ಕಾಯಿಲೆ, ಬಾಣಂತನ ಇದ್ದರೆ ಈ ದಾರಿ ಸದ್ಯಕ್ಕೆ ಬೇಡ. ಆಗ ಸೆಂಟರ್‌ಗೇ ಕಳಿಸಿ, ಅದರಲ್ಲಿ ಯಾವ ತಪ್ಪೂ ಇಲ್ಲ.

ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಅಂತ ಕೇಳಿ. ಯಾರ ಹತ್ತಿರ ಹೋದರೂ ಸೆಷನ್‌ಗೆ ನಾನು ಒಳಗೆ ಬರಬಹುದಾ, ನಾನು ಮಾಡುವುದನ್ನು ನೋಡಿ ತಿದ್ದುತ್ತೀರಾ ಅಂತಲೂ ಕೇಳಿ. ಉತ್ತರ ತಡವರಿಸಿದರೆ ಮುಂದೆ ನಡೆಯಿರಿ. ಗುಣ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ನಿಲ್ಲಲೇಬೇಡಿ. ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಆಟಿಸಂಗೆ ಅದು ಒಪ್ಪಿತ ಚಿಕಿತ್ಸೆಯಲ್ಲ. ಅದಕ್ಕೆ ಸುರಿಯುವ ದುಡ್ಡನ್ನು ಉಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಳ್ಳಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ ಕೊಡುತ್ತೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ.

ಇವತ್ತು ಸಂಜೆಯೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮಗುವಿಗೆ ಇಷ್ಟವಾದ ಒಂದು ವಸ್ತು ಇಟ್ಟುಕೊಂಡು ಆಡಿ, ಮನೆಯವರಿಗೆ ಎರಡು ನಿಮಿಷ ವಿಡಿಯೋ ಮಾಡಲು ಹೇಳಿ. ತಾರೀಕು ಬರೆದಿಡಿ. ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ವಸ್ತು ಇಟ್ಟುಕೊಂಡು ಮತ್ತೆ ಎರಡು ನಿಮಿಷ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ಮಗು ಎಷ್ಟು ಸಲ ನಿಮ್ಮ ಕಡೆ ನೋಡಿತು, ಕೈ ಚಾಚಿತು, ಸದ್ದು ಮಾಡಿತು, ಅದರಲ್ಲಿ ನೀವು ಎಷ್ಟನ್ನು ಗಮನಿಸಿದಿರಿ. ಎರಡು ವಿಡಿಯೋಗೂ ವ್ಯತ್ಯಾಸ ಇಲ್ಲದಿದ್ದರೆ ಅದನ್ನೇ ಥೆರಪಿಸ್ಟ್ ಮುಂದೆ ಇಟ್ಟು ಕೇಳಿ. ನಮ್ಮ ಮೊದಲ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ, ಆ ಏಳು ಪ್ರಶ್ನೆಗಳ ಸಮೇತ.